ಪದಚರ್ಚೆ: ಜಂಬೋ ಚೀಲದ ಮೇಲೆ ‘ಮರುಬಳಕೆ’ ಎಂದು ಬರೆದರೆ ಏನರ್ಥ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕಾರ್ಖಾನೆಯೊಂದರ ಉಗ್ರಾಣಕ್ಕೆ ಸುರಕ್ಷತಾ ಫಲಕಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ಕಳೆದ ತಿಂಗಳು ನನ್ನ ಪಾಲಿಗೆ ಬಂತು. ಅಲ್ಲಿಗೆ ಸುಣ್ಣಕಲ್ಲಿನ ಪುಡಿ ಜಂಬೋ ಚೀಲಗಳಲ್ಲಿ ಬರುತ್ತದೆ, ಚೀಲಕ್ಕೆ ಒಂದು ಟನ್. ಇದನ್ನು ನೋಡದವರಿಗೆ ಹೇಳುವುದಾದರೆ, ಎದೆಯೆತ್ತರದ ಚೌಕನೆಯ ಬಿಳಿ ಚೀಲ. ಪಾಲಿಪ್ರೊಪಿಲೀನಿನ ಸಣ್ಣ ಪಟ್ಟಿಗಳನ್ನು ಚಾಪೆ ಹೆಣೆದಂತೆ ನೇಯ್ದಿರುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ಕುಣಿಕೆ. ಫೋರ್ಕ್‌ಲಿಫ್ಟಿನ ಎರಡು ಕೊಂಬುಗಳನ್ನು ಆ ಕುಣಿಕೆಗಳಲ್ಲಿ ತೂರಿಸಿ ಎತ್ತುತ್ತಾರೆ. ಎತ್ತಿದ ಚೀಲದ ಆಸುಪಾಸಿನಲ್ಲೇ ಜನ ಓಡಾಡುತ್ತಿರುತ್ತಾರೆ.

ಅಲ್ಲಿದ್ದ ಹಳೆಯ ಕನ್ನಡ ಫಲಕದಲ್ಲಿ ಎರಡು ಸಾಲುಗಳಿದ್ದವು. ಮೇಲೆ ಕೆಂಪಿನಲ್ಲಿ, ‘ಈ ಚೀಲವನ್ನು ಮರುಬಳಕೆ ಮಾಡಬೇಡಿ’. ಕೆಳಗೆ ಬಾಣಗಳ ಹಸಿರು ತ್ರಿಕೋನದ ಪಕ್ಕದಲ್ಲಿ, ‘ಈ ಚೀಲ ಮರುಬಳಕೆಗೆ ಯೋಗ್ಯ’. ಇಂಗ್ಲಿಷ್ ಮೂಲದಲ್ಲಿ ಗೊಂದಲವೇ ಇಲ್ಲ. ಅಲ್ಲಿ ಎರಡು ಬೇರೆ ಪದಗಳಿವೆ: ರೀಯೂಸ್ (ಮತ್ತೆ ತುಂಬುವುದು) ಕೂಡದು, ರೀಸೈಕಲ್ (ಕರಗಿಸಿ ಬೇರೆ ಮಾಡುವುದು) ಆಗುತ್ತದೆ. ಕನ್ನಡಕ್ಕೆ ಬರುವಾಗ ಎರಡೂ ‘ಮರುಬಳಕೆ’ಯಾಗಿ, ಒಂದು ಸಾಲು ಇನ್ನೊಂದನ್ನು ಅಳಿಸಿಹಾಕಿದೆ. ಹಿರಿಯ ಹಮಾಲರೊಬ್ಬರು ನನ್ನನ್ನು ಕೇಳಿದರು: “ಸರ್, ಮೇಲಿನದನ್ನು ನಂಬಬೇಕೋ ಕೆಳಗಿನದನ್ನು ನಂಬಬೇಕೋ?” ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಇದು ಬರೀ ನಿಘಂಟಿನ ಮಾತಲ್ಲ. ಇಂಥ ಪ್ರತಿ ಚೀಲದ ಹೊಲಿಗೆಯಲ್ಲಿ ಒಂದು ಚೀಟಿ ಇರುತ್ತದೆ. ಎಷ್ಟು ಭಾರ ಹೊರಿಸಬಹುದು ಎಂಬುದರ ಜೊತೆಗೆ 5:1 ಅಥವಾ 6:1 ಎಂಬ ಸುರಕ್ಷತೆಯ ಅಂಕಿ ಅದರಲ್ಲಿರುತ್ತದೆ. 5:1 ಎಂದರೆ ಒಂದೇ ಸಲ ತುಂಬುವ ಚೀಲ. ಐಎಸ್‌ಒ 21898 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದರ ಮಾದರಿಯನ್ನು ಚೀಟಿಯಲ್ಲಿ ಹೇಳಿದ ಭಾರದ ಎರಡರಷ್ಟರಲ್ಲಿ 30 ಸಲ ಜಗ್ಗಿ, ಆಮೇಲೆ ಐದರಷ್ಟು ಭಾರಕ್ಕೆ ಒಡ್ಡುತ್ತಾರೆ. 6:1 ಚೀಲವನ್ನು ನಾಲ್ಕರಷ್ಟು ಭಾರದಲ್ಲಿ 70 ಸಲ ಜಗ್ಗಿ, ಆಮೇಲೆ ಆರರಷ್ಟಕ್ಕೆ ಒಡ್ಡುತ್ತಾರೆ. ಇದನ್ನು ಮಾತ್ರ, ಪ್ರತಿ ಸಲ ಪರೀಕ್ಷಿಸಿ, ಮತ್ತೆ ತುಂಬಬಹುದು. ಇದಕ್ಕಿಂತ ಗಟ್ಟಿಯಾದ 8:1 ಕೂಡ ಇದೆ. ನೋಡುವುದಕ್ಕೆ ಎಲ್ಲವೂ ಒಂದೇ ಬಿಳಿ ಚೀಲ.

ಅದೇ ಉಗ್ರಾಣದ ಹಿಂದೆ ಖಾಲಿಯಾದ 5:1 ಚೀಲಗಳಿಗೆ ಮರಳು ತುಂಬಿ ಬಿಸಿಲಿನಲ್ಲಿ ಇಟ್ಟಿದ್ದರು. ಒಂದರ ಕುಣಿಕೆಯನ್ನು ಹಿಡಿದು ಉಜ್ಜಿ ನೋಡಿದೆ. ನೇಯ್ಗೆಯ ಎಳೆ ಹುಡಿಹುಡಿಯಾಗಿ ಉದುರಿ ಬೆರಳಿಗೆ ಬಿಳಿಯ ಪುಡಿ ಅಂಟಿತು. ಅದನ್ನು ಹಾಗೆಯೇ ಎತ್ತಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಮರಳು ತುಂಬಿದವರ ತಪ್ಪು ಎಂದು ನಾನು ಹೇಳಲಾರೆ. ಫಲಕವೇ ‘ಮರುಬಳಕೆಗೆ ಯೋಗ್ಯ’ ಎಂದಿತ್ತಲ್ಲ!

ಈಗ ಪದಗಳಿಗೆ ಬರೋಣ. ‘ಮರು’ ಎಂದರೆ ಮತ್ತೆ, ‘ಬಳಕೆ’ ಎಂದರೆ ಉಪಯೋಗ. ಪದದ ಮೈಯಲ್ಲೇ ಇರುವ ಅರ್ಥ ರೀಯೂಸ್. ಇದ್ದದ್ದನ್ನು ಇದ್ದ ಹಾಗೆಯೇ ಮತ್ತೆ ಬಳಸುವುದು. ಆದರೆ ಪತ್ರಿಕೆಗಳಲ್ಲಿ ‘ಪ್ಲಾಸ್ಟಿಕ್ ಮರುಬಳಕೆ ಘಟಕ’ ಎಂದು ದಿನವೂ ಓದುತ್ತೇವೆ. ಅಲ್ಲಿ ನಡೆಯುವುದು ಕತ್ತರಿಸಿ, ತೊಳೆದು, ಕರಗಿಸಿ ಕಾಳು ಮಾಡುವ ಕೆಲಸ. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳಿಗೆ 2022ರಲ್ಲಿ ಸೇರಿದ ಉತ್ಪಾದಕರ ಹೊಣೆಗಾರಿಕೆಯ ಮಾರ್ಗಸೂಚಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯುತ್ತದೆ: ವಸ್ತುವಿನ ರಚನೆ ಬದಲಾಗದೆ ಮತ್ತೆ ಬಳಕೆಯಾದರೆ ಅದು ರೀಯೂಸ್. ಕಾನೂನಿನಲ್ಲಿ ಇರುವ ಗೆರೆ ನಮ್ಮ ಕನ್ನಡದಲ್ಲಿ ಅಳಿಸಿಹೋಗಿದೆ ಎಂಬುದು ನನ್ನ ಸಂಕಟ.

ಬದಲಿ ಪದಗಳು ಇಲ್ಲವೆಂದಲ್ಲ. ‘ಪುನರ್ಬಳಕೆ’ಯನ್ನು ಕೆಲವರು ಸೂಚಿಸುತ್ತಾರೆ. ಅದು ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು, ಎಂಬ ತಕರಾರನ್ನು ನಾನು ದೊಡ್ಡದು ಮಾಡುವುದಿಲ್ಲ. ಆದರೆ ಅದು ‘ಮರುಬಳಕೆ’ಯನ್ನೇ ಇನ್ನೊಂದು ಅಂಗಿ ತೊಡಿಸಿ ನಿಲ್ಲಿಸಿದಂತೆ, ಗೊಂದಲ ಬಿಡಿಸುವುದಿಲ್ಲ. ‘ಮರುಚಕ್ರೀಕರಣ’ವನ್ನು ಆ ಹಮಾಲರ ಮುಂದೆ ಓದಿದೆ. ಅವರು ಚಕ್ರದ ಗಾಡಿ ಎಂದುಕೊಂಡರು. ‘ಮರುಸಂಸ್ಕರಣೆ’ ಸ್ವಲ್ಪ ಮೇಲು, ಆದರೆ ಇಲ್ಲಿ ಮೂರನೆಯ ಕೆಲಸವೊಂದು ಅಡ್ಡ ಬರುತ್ತದೆ. ರಾಸಾಯನಿಕ ತುಂಬುವ ಉಕ್ಕಿನ ಡ್ರಮ್ಮುಗಳನ್ನು ತೊಳೆದು, ತಗ್ಗು ತಟ್ಟಿ, ಬಣ್ಣ ಬಳಿದು ಮತ್ತೆ ತುಂಬುತ್ತಾರೆ. 6:1 ಚೀಲಗಳನ್ನೂ ದೂಳು ತೆಗೆದು, ಒಳಚೀಲ ಬದಲಿಸಿ, ಪರೀಕ್ಷೆ ಮಾಡಿ ಕಳಿಸುವವರಿದ್ದಾರೆ. ‘ಮರುಸಂಸ್ಕರಣೆ’ ಎಂದರೆ ಇದೂ ಆಗಬಹುದು, ಕರಗಿಸುವುದೂ ಆಗಬಹುದು. ಮತ್ತೆ ಹಳೆಯ ಹಾಡೇ.

ಹಾಗಾದರೆ ಕೆಲಸ ಮಾಡುವವರು ಏನೆನ್ನುತ್ತಾರೆ? ಗುಜರಿ ವ್ಯಾಪಾರಿಯೊಬ್ಬರ ಬಳಿ ಅರ್ಧ ದಿನ ಕೂತೆ. ಅವರು ಚೀಲಗಳನ್ನು ಎರಡು ರಾಶಿ ಮಾಡುತ್ತಿದ್ದರು. ಒಂದನ್ನು ‘ತುಂಬುವ ಮಾಲು’ ಎಂದರು, ಇನ್ನೊಂದನ್ನು ‘ಕರಗಿಸುವ ಮಾಲು’ ಎಂದರು. ಒಳಗಿನ ಪಾಲಿಥೀನ್ ಚೀಲವನ್ನು ಎಳೆದು ಬೇರೆ ಹಾಕುತ್ತಿದ್ದರು, ಏಕೆಂದರೆ ಎರಡು ಬಗೆಯ ಪ್ಲಾಸ್ಟಿಕ್ ಕೂಡಿ ಕರಗಿದರೆ ಕಾಳು ಹದಗೆಡುತ್ತದೆ, ಬೆಲೆ ಬೀಳುತ್ತದೆ. ಒಳಚೀಲವನ್ನು ಸುಲಭವಾಗಿ ಬಿಡಿಸುವಂತೆ ಹೊಲಿದರೆ ತಮ್ಮ ಅರ್ಧ ಕೆಲಸ ಉಳಿಯುತ್ತದೆ ಎಂದರು. ಹೊಣೆಯರಿತು ತಯಾರಿಸುವುದು ಎಂದರೆ ಏನೆಂದು ನನಗೆ ಆ ರಾಶಿಯ ಮುಂದೆ ತಿಳಿದಷ್ಟು ಯಾವ ವರದಿಯಿಂದಲೂ ತಿಳಿದಿರಲಿಲ್ಲ.

ಮನೆಮಾತಿನಲ್ಲೂ ಈ ಭೇದ ಗಟ್ಟಿಯಾಗಿಯೇ ಇದೆ. ಅಕ್ಕನ ಬಳೆಯನ್ನು ತಂಗಿ ಹಾಕಿಕೊಂಡರೆ ಒಂದು ಮಾತು. ‘ಹಳೆಯ ಬಳೆ ಮುರಿಸಿ ಸರ ಮಾಡಿಸಿದೆವು’ ಎಂದರೆ ಬೇರೆಯೇ ಮಾತು. ಅದೇ ‘ಮುರಿಸಿ ಮಾಡಿಸುವುದು’ ರೀಸೈಕಲ್ ಅಲ್ಲವೇ? ಪಾತ್ರೆಗೆ ಕಲಾಯಿ ಹಾಕಿಸುವುದು ನಡುವಿನ ಮೂರನೆಯದು. ಮೂರಕ್ಕೂ ನಮ್ಮಲ್ಲಿ ಮಾತಿತ್ತು, ಕೈಗಾರಿಕೆಯ ಕನ್ನಡ ಮಾತ್ರ ಅದನ್ನು ಎತ್ತಿಕೊಳ್ಳಲಿಲ್ಲ.

ಗೋಣಿಯ ಕಾಲದಲ್ಲಿ ಈ ತೊಡಕು ಏಳಲೇ ಇಲ್ಲ. ನಮ್ಮ ತಂದೆ ದಾವಣಗೆರೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಹರಿದ ಗೋಣಿಯನ್ನು ದಬ್ಬಣ ಹಿಡಿದು ಹೊಲಿದು ಮತ್ತೆ ಭತ್ತ ತುಂಬುತ್ತಿದ್ದರು. ಅದೂ ಆಗದಿದ್ದರೆ ಮಳೆಗೆ ಕೊಪ್ಪೆ, ಕರುವಿಗೆ ಹೊದಿಕೆ, ಬಾಗಿಲಿಗೆ ಕಾಲೊರಸು, ಕೊನೆಗೆ ತಿಪ್ಪೆಗೆ ಗೊಬ್ಬರ. ‘ಗೋಣಿ’ ಹಳೆಯ ಪದ. ಧಾನ್ಯ ತುಂಬುವ ಚೀಲ ಎಂಬ ಅರ್ಥದಲ್ಲಿ ಪಾಣಿನಿಯ ಸೂತ್ರದ ವ್ಯಾಪ್ತಿಗೇ ಬರುತ್ತದೆ; ಇಂಗ್ಲಿಷಿನ ‘ಗನ್ನಿ’ ನಮ್ಮ ದೇಶದಿಂದ ಹೋದದ್ದು. ಹಾಗೆಂದು ಗೋಣಿ ಎಂದರೆ ಎಲ್ಲವೂ ಶುದ್ಧ ಎಂದುಕೊಳ್ಳುವಂತಿಲ್ಲ. ನಾರನ್ನು ಮೆದುಗೊಳಿಸಲು ಗಿರಣಿಗಳಲ್ಲಿ ಖನಿಜ ತೈಲ ಬಳಸುತ್ತಿದ್ದರು, ಅದರ ವಾಸನೆ ಕಾಫಿ ಬೀಜಕ್ಕೆ ಹತ್ತುತ್ತಿತ್ತು. 1998ರಲ್ಲಿ ಕಾಫಿ, ಕೋಕೋ ಚೀಲಗಳಿಗೆಂದೇ ಅಂತರರಾಷ್ಟ್ರೀಯ ಮಾನದಂಡ ಬಂದ ಮೇಲೆ ಅಂಥ ಚೀಲಗಳಿಗೆ ಅಕ್ಕಿ ತೌಡಿನ ಎಣ್ಣೆಯಂಥ ಸಸ್ಯತೈಲಗಳು ಬಂದವು.

ತಂದೆಯ ಲೆಕ್ಕದ ಪುಸ್ತಕದಲ್ಲಿದ್ದ ಇನ್ನೊಂದು ಪದ ‘ಬಾರದಾನ’. ಫಾರಸಿಯಲ್ಲಿ ಬಾರ್ ಎಂದರೆ ಹೊರೆ. ಪೀಕದಾನಿ, ಪನ್ನೀರುದಾನಿಗಳಲ್ಲಿರುವ ‘ದಾನ್’ ಇಲ್ಲಿಯೂ ಇದೆ; ಒಟ್ಟಿನಲ್ಲಿ ಸರಕು ತುಂಬುವ ಚೀಲ ಅಥವಾ ಪೆಟ್ಟಿಗೆ ಎಂದರ್ಥ. ಮಂಡಿಯಲ್ಲಿ ಅದರ ತೂಕ ಕಳೆದೇ ಕಾಳಿನ ತೂಕ ಬರೆಯುವುದು. ಚೀಲ, ಡ್ರಮ್ಮು, ಪೆಟ್ಟಿಗೆ ಎಲ್ಲಕ್ಕೂ ಹೊಂದುವ ಈ ಪದ ಇರುವಾಗ ‘ಸಗಟು ಪ್ಯಾಕೇಜಿಂಗ್’ ಎಂದು ಏಕೆ ಬರೆಯಬೇಕೋ ನನಗೆ ತಿಳಿಯದು. ಈಗಲೂ ಬಾರದಾನ ಎನ್ನುವ ಊರುಗಳು ಯಾವುವು, ತಿಳಿದವರು ಬರೆಯಿರಿ.

ನನ್ನ ಮಟ್ಟಿಗೆ ‘ಮರುಬಳಕೆ’ಯನ್ನು ರೀಯೂಸ್‌ಗೇ ಮೀಸಲಿಡಬೇಕು. ರೀಸೈಕಲ್‌ಗೆ ‘ಮರುಎರಕ’ ಎಂದು ಯೋಚಿಸಿದೆ; ಪ್ಲಾಸ್ಟಿಕ್ಕಿಗೂ ಲೋಹಕ್ಕೂ ಅದು ಸರಿ, ಆದರೆ ಕಾಗದವನ್ನೂ ಸೆಣಬನ್ನೂ ಎರಕ ಹೊಯ್ಯುವುದಿಲ್ಲವಲ್ಲ. ಎಲ್ಲಕ್ಕೂ ಸಲ್ಲುವ, ಹಮಾಲರಿಗೂ ಅಧಿಕಾರಿಗೂ ಒಂದೇ ಅರ್ಥ ಕೊಡುವ ನಾಮಪದ ನಿಮ್ಮಲ್ಲಿ ಯಾರಿಗಾದರೂ ಹೊಳೆಯುತ್ತದೆಯೇ? ಕರಾವಳಿಯ ಗೋಡಂಬಿ ಕಾರ್ಖಾನೆಗಳಲ್ಲಿ, ಕಲಬುರಗಿಯ ತೊಗರಿ ಮಿಲ್ಲುಗಳಲ್ಲಿ ಏನೆನ್ನುತ್ತಾರೆ?

ಫಲಕವನ್ನು ಅಷ್ಟು ದಿನ ಕಾಯಿಸುವಂತಿಲ್ಲ. ಆದ್ದರಿಂದ ಸದ್ಯಕ್ಕೆ ಹೀಗೆ ಬರೆದು ಮುದ್ರಣಕ್ಕೆ ಕೊಟ್ಟಿದ್ದೇನೆ: ‘ಈ ಚೀಲವನ್ನು ಮತ್ತೆ ತುಂಬಬೇಡಿ. ಖಾಲಿಯಾದ ಮೇಲೆ ಕರಗಿಸಲು ಕಳುಹಿಸಿ.’