ಮಂಡಿಪೇಟೆಯಲ್ಲಿ ಮದುವೆ ಜವಳಿ: ಒಂದೇ ದಿನದಲ್ಲಿ ಮುಗಿಯುತ್ತದಾ?

ಜಗಳೂರು ಹುಡುಗಿ

ಎಲ್ಲರಿಗೂ ನಮಸ್ಕಾರ. ವೈಶಾಖದಲ್ಲಿ ನನ್ನ ತಂಗಿ ಮದುವೆ. ಜವಳಿ ತೆಗೆಯಲು ದಾವಣಗೆರೆಗೆ ಬರುತ್ತಿದ್ದೇವೆ. ಅಮ್ಮ, ದೊಡ್ಡಮ್ಮ, ತಂಗಿ, ನಾನು. ಧಾರೆ ಸೀರೆ, ಉಡುಗೊರೆ ಸೀರೆ ಸುಮಾರು 30, ಅಜ್ಜಿಗೆ ಒಂದು ಇಳಕಲ್, ತಮ್ಮನಿಗೆ ಸೂಟು. ಸಾಧ್ಯವಾದರೆ ತಾಳಿ, ಬಂಗಾರದ ಗುಂಡು ಕೂಡ. ಹೋದ ಸಲ ಅಣ್ಣನ ಮದುವೆಗೆ ಬಂದಾಗ ಮಂಡಿಪೇಟೆಯ ಗದ್ದಲದಲ್ಲಿ ಅಮ್ಮನಿಗೆ ತಲೆ ಸುತ್ತು ಬಂದು ಅರ್ಧಕ್ಕೇ ವಾಪಸ್ ಹೋದೆವು. ಅವರಿಗೆ ಮಂಡಿ ನೋವು ಬೇರೆ. ಎಷ್ಟು ಹೊತ್ತಿಗೆ ಬರಬೇಕು? ಯಾವುದು ಮೊದಲು ತೆಗೆಯಬೇಕು?

ಚೌಕಿಪೇಟೆ ಮಗಳು

ನಾನು ಹುಟ್ಟಿ ಬೆಳೆದದ್ದು ಚೌಕಿಪೇಟೆಯ ಹಿಂದಿನ ಗಲ್ಲಿಯಲ್ಲಿ. ಅಪ್ಪ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಮ್ಮ ಮನೆಯ ಮೂರು ಮದುವೆಗಳ ಜವಳಿಗೆ ನಾನೇ ಓಡಾಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಯುಗಾದಿಗೆ ಮುಂಚೆ ಬನ್ನಿ. ಭಾನುವಾರ ಬೇಡ. ವಾರದ ಮಧ್ಯೆ ಒಂದು ದಿನ, ಅಂಗಡಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿ ಇರಿ. ಬೋಣಿ ಹೊತ್ತಲ್ಲಿ ಅಂಗಡಿಯವರಿಗೂ ತಾಳ್ಮೆ ಜಾಸ್ತಿ ಇರುತ್ತದೆ. ಆದರೆ ಖಂಡಿತ ತೆಗೆಯುವ ಅಂಗಡಿಗೇ ಮೊದಲು ಹೋಗಿ. ಬೋಣಿಗೆ ಬಂದವರು ಬರಿಗೈಯಲ್ಲಿ ಎದ್ದರೆ ಅವರಿಗೆ ಬೇಜಾರಾಗುತ್ತದೆ. ಮಧ್ಯಾಹ್ನದ ಮೇಲೆ ಕಾರು, ಲಗೇಜ್ ಆಟೊ, ಕೈಗಾಡಿ ಎಲ್ಲ ಒಂದೇ ಕಡೆ ಸೇರುತ್ತವೆ. ಕಾರು ತಂದರೆ ಪೇಟೆಯೊಳಗೆ ನುಗ್ಗಿಸಬೇಡಿ. ಹೊರಗೆಲ್ಲಾದರೂ ನಿಲ್ಲಿಸಿ ಆಟೊದಲ್ಲಿ ಬನ್ನಿ.

ಧಾರೆ ಸೀರೆಯನ್ನೇ ಮೊದಲು ತೆಗೆಯಿರಿ. ಕೆಲವರು ಉಡುಗೊರೆ ಸೀರೆ ಮುಗಿಸಿ ಆಮೇಲೆ ನಿಧಾನವಾಗಿ ನೋಡೋಣ ಅನ್ನುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. 30 ಸೀರೆ ನೋಡಿದ ಮೇಲೆ ಕಣ್ಣಿಗೆ ಎಲ್ಲ ಬಣ್ಣವೂ ಒಂದೇ. ಆಗ ಮದುಮಗಳು "ಯಾವುದಾದ್ರೂ ಆಗ್ಲಿ" ಅಂದುಬಿಡುತ್ತಾಳೆ. ನನ್ನ ಅಕ್ಕ ಹಾಗೇ ಅಂದಳು. ಇವತ್ತಿಗೂ ಆ ಸೀರೆ ನೋಡಿದರೆ ನನಗೆ ಸಂಕಟ.

ಆರಿಸಿದ ಸೀರೆಯನ್ನು ಬಾಗಿಲ ಹತ್ತಿರ ತಂದು ಬಿಸಿಲ ಬೆಳಕಲ್ಲಿ ನೋಡಿ. ಒಳಗಿನ ದೀಪಕ್ಕೆ ಮೆರೂನ್ ಕೂಡ ಕೆಂಪಾಗಿ ಕಾಣಿಸುತ್ತದೆ. ಸಿಲ್ಕ್ ಮಾರ್ಕ್ ಚೀಟಿ ಇದೆಯಾ ಕೇಳಿ. ಆದರೆ ಆ ಗುರುತು ರೇಷ್ಮೆಗೆ ಮಾತ್ರ, ಜರಿಗೆ ಅಲ್ಲ. ಜರಿ ಯಾವುದು ಅಂತ ಬೇರೆಯಾಗಿ ಕೇಳಿ ಬಿಲ್ಲಲ್ಲಿ ಬರೆಸಿಕೊಳ್ಳಿ.

ಅಮ್ಮನಿಗೆ ಒಂದು ಮಾತು. ಹಳೇ ಅಂಗಡಿಗಳಲ್ಲಿ ಗಾದಿ ಮೇಲೆ ಕೂರಿಸುತ್ತಾರೆ. ಮಂಡಿ ನೋವಿರುವವರು ಅಲ್ಲಿ ಕೂತು ಏಳೋದು ತುಂಬಾ ಕಷ್ಟ. ಹೋದ ತಕ್ಷಣ ಕುರ್ಚಿ ಕೇಳಿ, ಸಂಕೋಚ ಬೇಡ. ಬಾಟಲಿ ನೀರು, ಎರಡು ಬಾಳೆಹಣ್ಣು ಚೀಲದಲ್ಲಿರಲಿ. ಹೋದ ಸಲ ತಲೆ ಸುತ್ತಿದ್ದು ಹೊಟ್ಟೆ ಖಾಲಿ ಇದ್ದು ಇರಬಹುದು, ಅಲ್ವಾ? ಬೆಣ್ಣೆ ದೋಸೆ ತಿಂದೇ ಪೇಟೆಗೆ ಇಳಿಯಿರಿ.

ಉಡುಗೊರೆ ಸೀರೆಗೆ ಮನೆಯಲ್ಲೇ ಪಟ್ಟಿ ಮಾಡಿ. ಅತ್ತೆಯಂದಿರಿಗೆ ಎಷ್ಟು, ಬೀಗರ ಕಡೆಗೆ ಎಷ್ಟು, ಯಾವ ರೇಟಿನದು. ಒಂದೊಂದು ಸೀರೆಗೂ ಚೌಕಾಸಿ ಮಾಡಬೇಡಿ. ಎಲ್ಲ ಒಂದೇ ಅಂಗಡಿಯಲ್ಲಿ ಆರಿಸಿ, ಕೊನೆಗೆ ಒಟ್ಟು ಮೊತ್ತಕ್ಕೆ ಕೇಳಿ. ಅಪ್ಪ ಹೇಳುತ್ತಿದ್ದದ್ದೂ ಇದನ್ನೇ. ಮಾಲೀಕ ಕಡಿಮೆ ಮಾಡುವುದು ಕಟ್ಟು ನೋಡಿ, ಬಿಡಿ ಸೀರೆ ನೋಡಿ ಅಲ್ಲ.

ಮತ್ತೆ ಪ್ರತಿ ಸೀರೆಯನ್ನೂ ಬಿಚ್ಚಿಸಿ ನೋಡಿ. ಪ್ರತಿಯೊಂದನ್ನೂ. ತಂಗಿ ಮದುವೆಗೆ ನಾವು ಒಂದು ಕಟ್ಟಿನಿಂದ 22 ಸೀರೆ ತೆಗೆದೆವು. ಮೇಲಿನ ನಾಲ್ಕು ಮಾತ್ರ ಬಿಚ್ಚಿದೆವು. ಮನೆಗೆ ಬಂದು ನೋಡಿದರೆ ಮೂರರಲ್ಲಿ ಕಲೆ. ಎರಡಕ್ಕೆ ಜಂಪರ್ ಪೀಸೇ ಇಲ್ಲ. ವಾಪಸ್ ಹೋದರೆ ನಮ್ಮ ಕೈಯಲ್ಲಿ ಇದ್ದದ್ದು ಕಚ್ಚಾ ಚೀಟಿ. ಅದರಲ್ಲಿ ಅಂಗಡಿ ಹೆಸರೂ ಇರಲಿಲ್ಲ. ಅಮ್ಮ ಆ ಐದು ಸೀರೆ ಇಟ್ಟುಕೊಂಡು ಅತ್ತಳು. ಪಕ್ಕಾ ಬಿಲ್ ಇದ್ದಿದ್ದರೆ ಗಟ್ಟಿಯಾಗಿ ಕೇಳಬಹುದಿತ್ತು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದಿತ್ತು.

ತಮ್ಮನ ಸೂಟಿಗೆ ರೇಟು ಕೇಳುವಾಗ ತೆರಿಗೆ ಸೇರಿದೆಯಾ ಅಂತಲೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ರೆಡಿಮೇಡ್ ಬಟ್ಟೆಗೆ ಶೇ. 5 ಜಿಎಸ್‌ಟಿ, ಅದಕ್ಕಿಂತ ಮೇಲಿದ್ದರೆ ಶೇ. 18.

ಬಂಗಾರವನ್ನು ಅದೇ ದಿನ ಇಟ್ಟುಕೊಳ್ಳಬೇಡಿ. ಸುಸ್ತಾದ ಮೇಲೆ ತೂಕ ನೋಡುವ ವ್ಯವಧಾನ ಇರುವುದಿಲ್ಲ. ಅಷ್ಟು ದುಡ್ಡು ಇಟ್ಟುಕೊಂಡು ಜನರ ನಡುವೆ ತಿರುಗೋದೂ ಬೇಡ.

ಹರಿಹರದ ಶಿವು

ಅಕ್ಕ ಹೇಳಿದ್ದು ಸರಿ. ಬಂಗಾರದ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ. ಒಡವೆ ಮೇಲೆ ಮೂರು ಗುರುತು ಇರಬೇಕು: ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮುದ್ರೆ, ಶುದ್ಧತೆ (22 ಕ್ಯಾರೆಟ್ ಆದರೆ 916), ಒಂದೊಂದು ಒಡವೆಗೂ ಬೇರೆಯಾಗಿ ಕೊಡುವ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಆರನ್ನು ಒತ್ತಿದರೆ ಒಡವೆಯ ವಿವರ ಬರುತ್ತದೆ. ಅಂಗಡಿಯಲ್ಲೇ ನಿಂತು ನೋಡಿ. ಆದರೆ 2 ಗ್ರಾಂಗಿಂತ ಕಡಿಮೆ ಇರುವುದಕ್ಕೆ ಈ ಗುರುತುಗಳು, ಅಂದರೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ. ಗುಂಡುಗಳು ಸಾಮಾನ್ಯವಾಗಿ ಅಷ್ಟೇ ತೂಗುತ್ತವೆ. ಆಗ ಬಿಲ್ಲಿನಲ್ಲಿ ಕ್ಯಾರೆಟ್, ತೂಕ, ಮಜೂರಿ ಮೂರನ್ನೂ ಬೇರೆ ಬೇರೆಯಾಗಿ ಬರೆಸಿ.

ಜಗಳೂರು ಹುಡುಗಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ಓದಿ ಹೇಳಿದೆ. ಕುರ್ಚಿ ಮಾತು ಕೇಳಿ ಅಮ್ಮ ನಿಮ್ಮನ್ನು ನೆನೆಸಿಕೊಂಡರು. ಬಂಗಾರಕ್ಕೆ ಇನ್ನೊಂದು ದಿನ ಬರುತ್ತೇವೆ. ಅಜ್ಜಿಯ ಇಳಕಲ್ ಬಗ್ಗೆ ಮಾತ್ರ ಹೇಳಲೇ ಇಲ್ಲ ನೀವು!

ಚೌಕಿಪೇಟೆ ಮಗಳು

ಬರೆಯುವ ಭರದಲ್ಲಿ ಬಿಟ್ಟುಹೋಯಿತು, ಕ್ಷಮಿಸಿ. ಕೈಮಗ್ಗದ ಇಳಕಲ್‌ನಲ್ಲಿ ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಕೊಂಡಿ ಹಾಕಿ ನೇಯುತ್ತಾರೆ. ಸೆರಗು ಶುರುವಾಗುವ ಜಾಗದಲ್ಲಿ ಸೀರೆ ತಿರುವಿ, ಬೆರಳಾಡಿಸಿ ನೋಡಿ, ಆ ಸೇರಿಕೆ ಗೊತ್ತಾಗುತ್ತದೆ. ಸೆರಗಿನಲ್ಲಿ ಟೋಪಿ ತೆನಿ ಅನ್ನುವ ಸಾಂಪ್ರದಾಯಿಕ ವಿನ್ಯಾಸ ಇರಲಿ, ಅಜ್ಜಿಯಂದಿರು ಮೊದಲು ನೋಡುವುದು ಅದನ್ನೇ. ಒಡಲು ಹತ್ತಿಯದಾ, ಬೇರೆ ನೂಲಾ ಅಂತಲೂ ಕೇಳಿ. ವೈಶಾಖದ ಸೆಕೆಗೆ ಹತ್ತಿಯೇ ಹಿತ.

ಹೊರಡುವ ಮುಂಚೆ ಅಜ್ಜಿಗೆ ಯಾವ ಬಣ್ಣ ಬೇಕು ಅಂತ ಕೇಳಿಕೊಂಡು ಬನ್ನಿ. ನಾವು ನಮ್ಮ ಅಜ್ಜಿಗೆ ಕೇಳದೆ ಹಸಿರು ತಂದಿದ್ದೆವು. ಖುಷಿಯಿಂದಲೇ ಉಟ್ಟರು. ಮದುವೆ ಮುಗಿದು ಎರಡು ವರ್ಷದ ಮೇಲೆ ಒಂದು ದಿನ, ದಾಳಿಂಬೆ ಬಣ್ಣದ್ದು ಆಸೆ ಇತ್ತು ಕಣೇ ಅಂದರು.