ಸಹಾಯ ಬೇಕು: ತೊಡೆಯ ಗಡ್ಡೆ ಹೈಬರ್ನೋಮಾನೋ, ಲೈಪೋಸಾರ್ಕೋಮಾನೋ?

ಎಲ್ಲರಿಗೂ ನಮಸ್ಕಾರ. ರೋಗಿಗೆ 34 ವರ್ಷ, ಬಲತೊಡೆಯಲ್ಲಿ 9 ಸೆಂ.ಮೀ. ಗಡ್ಡೆ, ನೋವಿಲ್ಲ. ಎಂಆರ್‌ಐ ಟಿ1ನಲ್ಲಿ ಚರ್ಮದಡಿಯ ಕೊಬ್ಬಿಗಿಂತ ತುಸು ಮಂಕು. ಫ್ಯಾಟ್ ಸಪ್ರೆಷನ್‌ನಲ್ಲೂ ಪೂರ್ತಿ ಕಪ್ಪಾಗಿಲ್ಲ. ಒಳಗೆ ದಪ್ಪ ರಕ್ತನಾಳಗಳು, ಕಾಂಟ್ರಾಸ್ಟ್ ಚೆನ್ನಾಗಿ ಹಿಡಿದಿದೆ. ಮಾಮೂಲಿ ಲೈಪೋಮಾ (ಅಪಾಯವಿಲ್ಲದ ಕೊಬ್ಬಿನ ಗಡ್ಡೆ) ಹೀಗಿರುವುದಿಲ್ಲ. ಹೈಬರ್ನೋಮಾ, ಅಂದರೆ ಅಪಾಯವಿಲ್ಲದ ಕಂದು ಕೊಬ್ಬಿನ ಗಡ್ಡೆ ಎಂಬ ಗುಮಾನಿ. ಆದರೆ ಲೈಪೋಸಾರ್ಕೋಮಾ, ಅಂದರೆ ಕೊಬ್ಬಿನ ಕ್ಯಾನ್ಸರ್ ಅಲ್ಲವೆಂದು ಖಚಿತವಾಗಬೇಕು. ಪೆಟ್ ಸ್ಕ್ಯಾನ್ ಸಲಹೆ ಮಾತ್ರ ಬೇಡ: ಅದು ತೋರಿಸುವುದು ಗ್ಲೂಕೋಸ್ ಹೀರುವ ಜಾಗವನ್ನು. ಕಂದು ಕೊಬ್ಬು ಶಾಖಕ್ಕಾಗಿ ಗ್ಲೂಕೋಸನ್ನೂ ಹೀರುತ್ತದೆ, ಹಾಗಾಗಿ ಅಪಾಯವಿಲ್ಲದ ಗಡ್ಡೆಯೂ ಕ್ಯಾನ್ಸರ್‌ನಂತೆ ಹೊಳೆಯುತ್ತದೆ.

ಅಲ್ಟ್ರಾಸೌಂಡ್ ನೋಡಿಕೊಂಡು, ನಾಳ ತಪ್ಪಿಸಿ ಕೋರ್ ಬಯಾಪ್ಸಿ, ಅಂದರೆ ದಪ್ಪ ಸೂಜಿಯಿಂದ ಗಡ್ಡೆಯ ಚೂರು ತೆಗೆಯುವುದು ಆಗಿದೆ (ಇದರಲ್ಲಿ ರಕ್ತಸ್ರಾವದ ಭಯ ಇದ್ದೇ ಇದೆ). ಹಲವು ಗುಳ್ಳೆಗಳ ಜೀವಕೋಶ, ನಡುವೆ ಸಣ್ಣ ನ್ಯೂಕ್ಲಿಯಸ್. ಆದರೆ ಚೂರು ಚಿಕ್ಕದು. ಇಂಥ ಕೋಶಗಳನ್ನು ಲೈಪೋಬ್ಲಾಸ್ಟ್ (ಲೈಪೋಸಾರ್ಕೋಮಾದಲ್ಲಿ ಕಾಣುವ ಎಳೆಯ ಕೊಬ್ಬಿನ ಕೋಶ) ಅಂದುಕೊಂಡು ಮೋಸಹೋಗುವುದು ಇಲ್ಲೇ.

ಲೈಪೋಸಾರ್ಕೋಮಾದಲ್ಲಿ ಎಂಡಿಎಂ2 ಜೀನ್‌ನ ಪ್ರತಿಗಳು ಹೆಚ್ಚಿರುತ್ತವೆ (ಆಂಪ್ಲಿಫಿಕೇಷನ್), ಅದನ್ನು ಎಣಿಸುವುದು ಫಿಶ್ ಪರೀಕ್ಷೆ. ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಹುದುಗಿಸಿದ ಚೂರು) ಮೇಲೆ ಇದನ್ನು ಮಾಡುವ ಲ್ಯಾಬ್ ಬೆಂಗಳೂರು ಅಥವಾ ಮಂಗಳೂರಿನ ಕಡೆ ಯಾವುದಿದೆ? ಖರ್ಚೆಷ್ಟು, ವರದಿಗೆ ಎಷ್ಟು ದಿನ? 4 ಮೈಕ್ರಾನ್‌ನ ಬಣ್ಣ ಹಾಕದ ಐದಾರು ಸೆಕ್ಷನ್ ಚಾರ್ಜ್ಡ್ ಸ್ಲೈಡ್ ಮೇಲೆ ಸಿದ್ಧವಿವೆ. ಎಂಡಿಎಂ2 ಪ್ರೋಟೀನಿಗೆ ಬಣ್ಣ ಹಾಕುವ ಇಮ್ಯುನೋ ಸ್ಟೇನ್ ಒಂದೇ ಸಾಲದು. ಹಿಸ್ಟಿಯೋಸೈಟ್‌ಗಳೂ (ದೇಹದ ರಕ್ಷಣಾ ಕೋಶಗಳು) ಎಂಡಿಎಂ2 ಬಣ್ಣ ಹಿಡಿದು ದಾರಿ ತಪ್ಪಿಸುತ್ತವೆ. ಆಂಪ್ಲಿಫಿಕೇಷನ್ ಇಲ್ಲ, ಹೈಬರ್ನೋಮಾನೇ ಎಂದಾದರೆ ಕವಚ ಸಮೇತ ಬಿಡಿಸಿ ತೆಗೆದರೆ ಸಾಕು, ಸುತ್ತಲಿನ ಸ್ನಾಯು ಕತ್ತರಿಸಬೇಕಿಲ್ಲ.