ಜಾರ್ಜೆಟ್ ಬಟ್ಟೆ ಅಲಗುಗಳ ನಡುವೆ ಮಡಚಿಕೊಳ್ಳುತ್ತಿದೆ, ಯಾವ ಕತ್ತರಿ ಕೊಳ್ಳಲಿ?

ಹೊಸಹೊಲಿಗೆ

ಹೊಲಿಗೆ ಕಲಿಯಲು ಆರಂಭಿಸಿ ಎಂಟು ತಿಂಗಳಾಯಿತು. ಹತ್ತಿ ಬಟ್ಟೆಯಲ್ಲಿ ದಿಂಬಿನ ಚೀಲ, ಪೈಜಾಮ, ಎರಡು ಮೇಲಂಗಿ ಹೊಲಿದಿದ್ದೇನೆ. ಈಗ ಧೈರ್ಯ ಮಾಡಿ ಜಾರ್ಜೆಟ್ ಕೈಗೆತ್ತಿಕೊಂಡರೆ ಕತ್ತರಿಯೇ ಮುಷ್ಕರ ಹೂಡಿದೆ. ಅಲಗು ಮುಚ್ಚುವಾಗ ಬಟ್ಟೆ ತುಂಡಾಗುವುದಿಲ್ಲ, ಎರಡು ಅಲಗುಗಳ ನಡುವೆ ಮಡಚಿಕೊಂಡು ಸಿಕ್ಕಿಬೀಳುತ್ತದೆ. ಬಿಡಿಸಿ ನೋಡಿದರೆ ಅಂಚು ಇಲಿ ಕಡಿದ ಹಾಗಿರುತ್ತದೆ.

ನನ್ನ ಬಳಿ ಎರಡು ಕತ್ತರಿಗಳಿವೆ. ಒಂದು ಮನೆಯಲ್ಲಿ ಮೊದಲಿನಿಂದ ಇದ್ದ 8 ಇಂಚಿನದು. ಅದರ ಚರಿತ್ರೆ ಕೇಳಬೇಡಿ. ಕಾಗದ, ರಟ್ಟು, ಪ್ಲಾಸ್ಟಿಕ್ ಪೊಟ್ಟಣ ಎಲ್ಲವನ್ನೂ ಕಂಡಿದೆ. ಇನ್ನೊಂದು ಕಳೆದ ತಿಂಗಳು ಕೊಂಡ 9 ಇಂಚಿನ, ಬಾಗಿದ ಹಿಡಿಯ ದರ್ಜಿ ಕತ್ತರಿ. ಬಟ್ಟೆ ಬಿಟ್ಟು ಬೇರೇನನ್ನೂ ಅದಕ್ಕೆ ತೋರಿಸಿಲ್ಲ. ಆದರೂ ಎರಡರದ್ದೂ ಒಂದೇ ರಾಗ. ಹತ್ತಿಯಲ್ಲಿ ಈ ತೊಂದರೆ ಇರಲಿಲ್ಲ. ಒಂದು ಗಂಟೆ ಕತ್ತರಿಸಿದರೆ ಹೆಬ್ಬೆರಳಿನ ಬುಡ ನೋಯುತ್ತಿತ್ತು, ಗುರುತಿನ ಗೆರೆ ಅಲಗಿನ ಮರೆಗೆ ಹೋಗುವುದರಿಂದ ಬಗ್ಗಿ ಬಗ್ಗಿ ನೋಡಬೇಕಾಗುತ್ತಿತ್ತು, ಅಷ್ಟೇ. ಅದು ಎಲ್ಲರಿಗೂ ಇರುವುದೇ ಎಂದುಕೊಂಡಿದ್ದೇನೆ.

ಜಾರುವ ಬಟ್ಟೆಗೆಂದೇ ಅಲಗಿನಲ್ಲಿ ಸಣ್ಣ ಹಲ್ಲುಗಳಿರುವ ಕತ್ತರಿ ಸಿಗುತ್ತದಂತೆ. ಮೂರನೆಯದಾಗಿ ಅದನ್ನು ಕೊಳ್ಳಲೇ?

ಸಾಣೆಕಲ್ಲು

ತಡೆಯಿರಿ, ಈಗಲೇ ಕೊಳ್ಳಬೇಡಿ. ಬಟ್ಟೆ ಮಡಚಿಕೊಳ್ಳುತ್ತಿದೆ ಎಂದಾಕ್ಷಣ ಕತ್ತರಿ ಮೊಂಡಾಗಿದೆ ಎಂದು ತೀರ್ಮಾನಿಸುವಂತಿಲ್ಲ. ಕತ್ತರಿ ಕೆಲಸ ಮಾಡುವುದು ಚಾಕುವಿನ ಹಾಗಲ್ಲ. ಎರಡು ಅಲಗುಗಳು ಒಂದೇ ಒಂದು ಬಿಂದುವಿನಲ್ಲಿ ತಾಗಿಕೊಂಡಿರುತ್ತವೆ. ನೀವು ಹಿಡಿ ಒತ್ತಿದಂತೆ ಆ ಬಿಂದು ಬುಡದಿಂದ ಮೊನೆಯತ್ತ ಓಡುತ್ತದೆ, ಬಟ್ಟೆ ತುಂಡಾಗುವುದು ಅಲ್ಲಿ. ಅಲ್ಲಿ ಕೂದಲೆಳೆಯಷ್ಟು ಸಂದು ಬಿದ್ದರೂ ಜಾರ್ಜೆಟ್ ಒಳಗೆ ನುಸುಳುತ್ತದೆ. ದಪ್ಪ ಹತ್ತಿ ನುಸುಳುವುದಿಲ್ಲ, ಆದ್ದರಿಂದ ಇಷ್ಟು ದಿನ ನಿಮಗೆ ಗೊತ್ತಾಗಿಲ್ಲ.

ಮೊದಲು ತಿರುಪನ್ನು ನೋಡಿ. ಕತ್ತರಿಯನ್ನು ಅಗಲಕ್ಕೆ ತೆರೆದು, ಒಂದು ಹಿಡಿಯನ್ನು ಹಿಡಿದುಕೊಂಡು, ಇನ್ನೊಂದನ್ನು ಮೇಲಿನಿಂದ ಕೈಬಿಡಿ. ಅದು ಸ್ವಲ್ಪ ಇಳಿದು ನಡುವೆ ಎಲ್ಲಾದರೂ ನಿಲ್ಲಬೇಕು. ಟಪ್ಪೆಂದು ಪೂರ್ತಿ ಮುಚ್ಚಿಕೊಂಡರೆ ತಿರುಪು ಸಡಿಲವಾಗಿದೆ. ಬಿಗಿಮಾಡುವಾಗ ಕಾಲು ಸುತ್ತಿಗಿಂತಲೂ ಕಡಿಮೆ ತಿರುಗಿಸಿ, ಮತ್ತೆ ಪರೀಕ್ಷಿಸಿ. ತಿರುಪಿನ ಜಾಗದಲ್ಲಿ ರಿವೆಟ್, ಅಂದರೆ ತಿರುಗಿಸಲಾಗದ ಮೊಳೆ, ಇದ್ದರೆ ಸುತ್ತಿಗೆ ಹಿಡಿದು ಸಾಹಸ ಮಾಡಬೇಡಿ.

ಆಮೇಲೆ ಕತ್ತರಿಯನ್ನು ಪೂರ್ತಿ ಮುಚ್ಚಿ, ಬೆನ್ನಿನ ಕಡೆಯಿಂದ ಬೆಳಕಿಗೆ ಹಿಡಿಯಿರಿ. ಮೊನೆಗಳು ತಾಗಿಕೊಂಡು, ನಡುವೆ ಎಳೆಯಷ್ಟು ಬೆಳಕು ಕಾಣಬೇಕು. ಹೊಸಬರು ಇದನ್ನೇ ದೋಷ ಎಂದುಕೊಂಡು ಅಂಗಡಿಗೆ ವಾಪಸು ಒಯ್ಯುವುದುಂಟು. ಅಲಗುಗಳಿಗೆ ಬೇಕೆಂದೇ ಆ ಬಾಗು ಕೊಟ್ಟಿರುತ್ತಾರೆ. ಅದಿಲ್ಲದಿದ್ದರೆ ತಾಗುವ ಬಿಂದುವೇ ಇರುವುದಿಲ್ಲ. ಮೊನೆಯಲ್ಲಿ ಸಂದು ಕಂಡರೆ ಮಾತ್ರ ಕತ್ತರಿ ಎಲ್ಲೋ ಬಿದ್ದು ಬಗ್ಗಿದೆ ಎಂದು ತಿಳಿಯಿರಿ.

ಕೊನೆಗೆ ಟಿಶ್ಯೂ ಕಾಗದವನ್ನು ಒದ್ದೆ ಮಾಡಿ ನಿಧಾನವಾಗಿ ಬುಡದಿಂದ ಮೊನೆಯವರೆಗೆ ಕತ್ತರಿಸಿ. ಎಲ್ಲಿ ಹರಿಯುತ್ತದೋ ಅಲ್ಲಿ ಅಂಚಿನಲ್ಲಿ ಗಾಯವಿದೆ.

ಗಡಿಬಿಡಿ

ಇಷ್ಟೆಲ್ಲ ಏಕೆ? ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕು ಪದರ ಮಡಚಿ ಹತ್ತು ಬಾರಿ ಕತ್ತರಿಸಿದರೆ ಕತ್ತರಿ ಹೊಸದರಂತಾಗುತ್ತದೆ. ಮರಳುಕಾಗದವಾದರೆ ಇನ್ನೂ ಬೇಗ.

ಸಾಣೆಕಲ್ಲು

ಗಡಿಬಿಡಿಯವರೇ, ಹಾಳೆಯಿಂದ ಹಾನಿಯಿಲ್ಲ, ಲಾಭವೂ ಅಷ್ಟಕ್ಕಷ್ಟೇ. ಅಂಚಿನಲ್ಲಿ ಮಗುಚಿಕೊಂಡ ಲೋಹದ ಎಳೆ ಸ್ವಲ್ಪ ನೆಟ್ಟಗಾಗಬಹುದು, ಅಂಟಿದ್ದ ಕೊಳೆ ಹೋಗಬಹುದು. ಅದರಿಂದ ಎರಡು ದಿನ ಚೆನ್ನಾಗಿದೆ ಎನಿಸುತ್ತದೆ. ಮರಳುಕಾಗದ ಮಾತ್ರ ಬೇಡವೇ ಬೇಡ. ಅಲಗಿನ ಒಳಮುಖದಲ್ಲಿ ಗೀರು ಬಿದ್ದರೆ ಆ ಗೀರು ಅಂಚಿನವರೆಗೂ ಬಂದು ಹಲ್ಲಿನಂತಾಗುತ್ತದೆ.

ಒಳಮುಖದ ವಿಷಯ ಬಂತು, ಹೇಳಿಯೇ ಬಿಡುತ್ತೇನೆ. ನನ್ನ ಮೊದಲ ಒಳ್ಳೆಯ ಕತ್ತರಿಯನ್ನು ಚಾಕು ಸಾಣೆ ಹಿಡಿಯುವವರ ಕೈಗೆ ಕೊಟ್ಟು ಕಳೆದುಕೊಂಡೆ. ಅವರು ಚಾಕುವಿನ ರೂಢಿಯಲ್ಲಿ ಅಲಗಿನ ಎರಡೂ ಮುಖಗಳನ್ನು ಕಲ್ಲಿಗೆ ಹಿಡಿದರು. ಮುಟ್ಟಿದರೆ ರಕ್ತ ಬರುವಷ್ಟು ಹರಿತವಾಗಿತ್ತು, ಬಟ್ಟೆ ಮಾತ್ರ ಕತ್ತರಿಸಲಿಲ್ಲ. ಒಳಮುಖದಲ್ಲಿ ಇರಬೇಕಾದ ಸಣ್ಣ ತಗ್ಗು ಹೋಗಿ, ಅಂಚುಗಳು ಒಂದನ್ನೊಂದು ಮುಟ್ಟುವುದನ್ನೇ ಬಿಟ್ಟಿದ್ದವು. ಸಾಣೆಗೆ ಕೊಡುವ ಮೊದಲು ‘ಒಳಮುಖವನ್ನು ಕಲ್ಲಿಗೆ ಹಿಡಿಯುತ್ತೀರಾ?’ ಎಂದು ಕೇಳಿ. ‘ಹೌದು’ ಎಂದರೆ ನಮಸ್ಕಾರ ಹೇಳಿ ಹೊರಡಿ.

ತುಂಡುಬಟ್ಟೆ

ಜಾರ್ಜೆಟ್‌ಗೆ ಕತ್ತರಿಯೇ ಏಕೆ ಬೇಕು? ನಾನು ಉರುಳು ಕಟ್ಟರ್ ಬಳಸುತ್ತೇನೆ, ಹಿಡಿಯ ತುದಿಯಲ್ಲಿ ಗಾಲಿಯಂಥ ದುಂಡು ಅಲಗು ಇರುವ ಸಾಧನ. ಬಟ್ಟೆಯನ್ನು ಚಾಪೆಯ ಮೇಲೆ ಹಾಸಿ, ಅಳತೆಪಟ್ಟಿ ಒತ್ತಿ ಹಿಡಿದು ಗಾಲಿ ಉರುಳಿಸಿದರೆ ಮುಗಿಯಿತು. ಬಟ್ಟೆ ಮೇಜಿನಿಂದ ಏಳುವುದೇ ಇಲ್ಲ, ಏಳದಿದ್ದರೆ ಜಾರುವುದೂ ಇಲ್ಲ. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಇದನ್ನು ತಂದ ಮೇಲೆ ತುಂಡುಬಟ್ಟೆ ಜೋಡಿಸಿ ಹೊದಿಕೆ ಹೊಲಿಯುವ ನಮ್ಮಂಥವರು ಕತ್ತರಿಯನ್ನು ಅರ್ಧ ಮರೆತಿದ್ದೇವೆ. 45 ಮಿಲಿಮೀಟರ್ ಗಾಲಿಯಲ್ಲಿ ಬಹುತೇಕ ಕೆಲಸ ನಡೆಯುತ್ತದೆ, ತೋಳಿನ ಬಳಿಯ ಬಿಗಿ ತಿರುವುಗಳಿಗೆ 28 ಒಳ್ಳೆಯದು. ಕೆಳಗೆ ಹಾಸುವ ವಿಶೇಷ ಚಾಪೆ ಕಡ್ಡಾಯ, ಇಲ್ಲದಿದ್ದರೆ ಮೇಜೂ ಹಾಳು, ಗಾಲಿಯೂ ಹಾಳು. ಕೆಳಗಿಡುವ ಪ್ರತಿ ಸಲವೂ ಗಾಲಿಯ ಮುಚ್ಚಳ ಎಳೆಯಿರಿ. ನನ್ನ ಎಡಗೈ ತೋರುಬೆರಳಿನ ಉಗುರಿಗೆ ಈ ಪಾಠ ಚೆನ್ನಾಗಿ ನೆನಪಿದೆ.

ಎಳೆಬಿಚ್ಚು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಉರುಳು ಕಟ್ಟರ್ ಅಲ್ಲಲ್ಲಿ ಎರಡು ಮೂರು ಎಳೆ ಬಿಟ್ಟು ಮುಂದೆ ಹೋಗುತ್ತದೆ. ಎಷ್ಟು ಒತ್ತಿದರೂ ಅಷ್ಟೇ. ಚಾಪೆಯ ತಪ್ಪೋ, ಗಾಲಿಯ ತಪ್ಪೋ?

ತುಂಡುಬಟ್ಟೆ

ಬಿಟ್ಟ ಎಳೆಗಳ ನಡುವಿನ ಅಂತರವನ್ನು ಅಳೆಯಿರಿ. 45 ಮಿಲಿಮೀಟರ್ ಗಾಲಿ ಒಂದು ಸುತ್ತು ಉರುಳಿದರೆ ಸುಮಾರು 14 ಸೆಂಟಿಮೀಟರ್ ಸಾಗುತ್ತದೆ. ಪ್ರತಿ 14 ಸೆಂಟಿಮೀಟರಿಗೆ ಒಮ್ಮೆ ಎಳೆ ಉಳಿದರೆ ಗಾಲಿಯ ಅಂಚಿನಲ್ಲಿ ಒಂದು ಕಡೆ ಗಾಯವಿದೆ, ಬಹುಶಃ ಗುಂಡುಸೂಜಿಯ ಮೇಲೆ ಹತ್ತಿಸಿದ್ದೀರಿ. ಗಾಲಿ ಬದಲಿಸಿ. ಬಟ್ಟೆಯನ್ನು ಎಲ್ಲಿಟ್ಟರೂ ಚಾಪೆಯ ಒಂದೇ ಜಾಗದಲ್ಲಿ ಎಳೆ ಉಳಿದರೆ ಅಲ್ಲಿ ಚಾಪೆ ತಗ್ಗು ಬಿದ್ದಿದೆ.

ಎಳೆಬಿಚ್ಚು

ಅಳೆದೆ. 14 ಸೆಂಟಿಮೀಟರ್, ಲೆಕ್ಕ ಹಾಕಿ ಇಟ್ಟ ಹಾಗೆ. ಗುಂಡುಸೂಜಿಯ ಮಾತೂ ನಿಜ.

ಹೊಸಹೊಲಿಗೆ

ಸಾಣೆಕಲ್ಲು ಅವರೇ, ಮೂರೂ ಪರೀಕ್ಷೆ ಮಾಡಿದೆ. ಹಳೆಯ ಕತ್ತರಿಯ ಹಿಡಿ ಟಪ್ಪೆಂದು ಬಿತ್ತು. ತಿರುಪನ್ನು ಎರಡು ಬಾರಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದ ಮೇಲೆ ನಡುವೆ ನಿಲ್ಲುತ್ತಿದೆ. ಹೊಸದು ಮೊದಲೇ ಸರಿಯಾಗಿತ್ತು. ಬೆಳಕಿಗೆ ಹಿಡಿದಾಗ ಎರಡರಲ್ಲೂ ನೀವು ಹೇಳಿದ ಎಳೆಬೆಳಕು ಕಂಡಿತು, ಮೊನೆ ತಾಗಿಕೊಂಡಿದೆ.

ಗೊಂದಲ ಆಗಿದ್ದು ಟಿಶ್ಯೂ ಪರೀಕ್ಷೆಯಲ್ಲಿ. ಹಳೆಯದು ಹರಿಯಿತು, ಅದು ನಿರೀಕ್ಷೆಯೇ. ಹೊಸದೂ ಮಡಚಿ ನುಂಗಿತು! ಬೇಸರದಿಂದ ತಂಗಿಯ ಕೈಗೆ ಕೊಟ್ಟು ‘ನೀನೇ ನೋಡು’ ಎಂದೆ. ಅವಳು ಅದೇ ಕತ್ತರಿಯಲ್ಲಿ, ಅದೇ ಟಿಶ್ಯೂವನ್ನು ಸರ್ರೆಂದು ಕತ್ತರಿಸಿದಳು. ಜಾರ್ಜೆಟ್ ತುಂಡು ಕೊಟ್ಟೆ, ಅದನ್ನೂ ಕತ್ತರಿಸಿದಳು. ಹೊಲಿಗೆಯ ಗಂಧಗಾಳಿ ಇಲ್ಲದವಳು. ನನ್ನ ಕೈಗೆ ಬಂದ ಕೂಡಲೇ ಮತ್ತೆ ಹಳೆಯ ಕಥೆ. ಕತ್ತರಿಗೂ ಮುಖ ನೋಡಿ ಮಣೆ ಹಾಕುವ ಬುದ್ಧಿ ಇದೆಯೇ?

ಸಾಣೆಕಲ್ಲು

ಇದು ವಿಚಿತ್ರ. ನೀವು ಬಟ್ಟೆಯನ್ನು ಮೇಜಿನಿಂದ ಎತ್ತಿ ಹಿಡಿದು ಕತ್ತರಿಸುತ್ತಿದ್ದೀರಾ? ಬಾಗಿದ ಹಿಡಿ ಇರುವುದೇ ಕೆಳಗಿನ ಅಲಗು ಮೇಜಿಗೆ ತಾಗಿಕೊಂಡೇ ಸಾಗಲೆಂದು. ಇನ್ನೊಂದು, ಪ್ರತಿ ಸಲವೂ ಮೊನೆಯವರೆಗೆ ಮುಚ್ಚಬೇಡಿ. ಕೊನೆಯ ಒಂದು ಸೆಂಟಿಮೀಟರ್ ಇರುವಾಗಲೇ ಮತ್ತೆ ತೆರೆದು ಮುಂದೆ ಸರಿಯಿರಿ.

ಕಾಜಗುಂಡಿ

ಮೊದಲಿನಿಂದ ಓದಿಕೊಂಡು ಬಂದೆ. ಹೊಸಹೊಲಿಗೆ ಅವರಿಗೆ ಒಂದೇ ಪ್ರಶ್ನೆ. ನೀವು ಕತ್ತರಿ ಹಿಡಿಯುವುದು ಯಾವ ಕೈಯಲ್ಲಿ?

ಹೊಸಹೊಲಿಗೆ

ಎಡಗೈಯಲ್ಲಿ. ಬರೆಯುವುದು ಬಲಗೈಯಲ್ಲಿ, ಆದರೆ ಕತ್ತರಿ, ಚಾಕು, ಸುತ್ತಿಗೆ ಎಲ್ಲ ಎಡಗೈಯೇ. ಏಕೆ?

ಕಾಜಗುಂಡಿ

ಗೆರೆ ಅಲಗಿನ ಮರೆಗೆ ಹೋಗುತ್ತದೆ ಎಂದು ನೀವು ಮೊದಲ ಸಂದೇಶದಲ್ಲಿಯೇ ಬರೆದಿದ್ದಿರಿ. ಅದು ಎಲ್ಲರಿಗೂ ಇರುವ ತೊಂದರೆಯಲ್ಲ. ಬಲಗೈಯವರಿಗೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ಕತ್ತರಿಯನ್ನು ಅವರಿಗೆಂದೇ ಜೋಡಿಸಿರುತ್ತಾರೆ.

ಕತ್ತರಿಯ ಮೊನೆ ನಿಮ್ಮಿಂದ ಆಚೆಗಿರುವಂತೆ ಹಿಡಿದು ನೋಡಿ. ಮೇಲಿನ ಅಲಗು ಬಲಗಡೆ ಇದ್ದರೆ ಅದು ಬಲಗೈ ಕತ್ತರಿ, ಎಡಗಡೆ ಇದ್ದರೆ ಎಡಗೈ ಕತ್ತರಿ. ತಲೆಕೆಳಗು ಮಾಡಿದರೂ ಇದು ಬದಲಾಗುವುದಿಲ್ಲ; ಬಲಗಾಲಿನ ಚಪ್ಪಲಿಯನ್ನು ಹೇಗೆ ತಿರುಗಿಸಿದರೂ ಎಡಗಾಲಿನದಾಗದ ಹಾಗೆ.

ಹಿಡಿ ಒತ್ತುವಾಗ ನಾವು ಮೇಲೆ ಕೆಳಗೆ ಮಾತ್ರ ಒತ್ತುವುದಿಲ್ಲ. ನಮಗೇ ತಿಳಿಯದೆ ಹೆಬ್ಬೆರಳು ಹಿಡಿಯನ್ನು ಅಂಗೈಯಿಂದ ಆಚೆಗೆ ದೂಡುತ್ತದೆ, ಉಳಿದ ಬೆರಳುಗಳು ಅಂಗೈಯತ್ತ ಎಳೆದುಕೊಳ್ಳುತ್ತವೆ. ಬಲಗೈಯಲ್ಲಿ ಈ ಓರೆಒತ್ತಡ ತಿರುಪನ್ನು ದಾಟಿ ಅಲಗುಗಳನ್ನು ಒಂದಕ್ಕೊಂದು ಅಮುಕುತ್ತದೆ. ಅದೇ ಕತ್ತರಿ ಎಡಗೈಗೆ ಬಂದರೆ ಅದೇ ಒತ್ತಡ ಅಲಗುಗಳನ್ನು ಅಗಲಿಸುತ್ತದೆ. ಸಾಣೆಕಲ್ಲು ಅವರು ಹೇಳಿದ ಕೂದಲೆಳೆಯ ಸಂದನ್ನು ಪ್ರತಿ ಒತ್ತಿಗೂ ನಿಮ್ಮ ಕೈಯೇ ಹುಟ್ಟಿಸುತ್ತಿದೆ. ಹೆಬ್ಬೆರಳಿನ ಬುಡ ನೋಯುವುದಕ್ಕೂ ಅರ್ಧ ಕಾರಣ ಇಲ್ಲೇ ಇದೆ. ಇನ್ನರ್ಧ, ಬಲ ಅಂಗೈಯ ಆಕಾರಕ್ಕೆ ಅಚ್ಚು ಹಾಕಿದ ಹಿಡಿ.

ಹೊಸದನ್ನು ಕೊಳ್ಳುವವರೆಗೆ ಒಂದು ಉಪಾಯ ಇದೆ. ಎಡಗೈಯಲ್ಲೇ ಹಿಡಿದು, ಹೆಬ್ಬೆರಳಿನಿಂದ ಹಿಡಿಯನ್ನು ಅಂಗೈಯತ್ತ ಎಳೆದುಕೊಳ್ಳಿ, ಉಳಿದ ಬೆರಳುಗಳಿಂದ ಆಚೆಗೆ ದೂಡಿ. ರೂಢಿಗೆ ತಿರುವುಮುರುವು. ಐದು ನಿಮಿಷದಲ್ಲಿ ಕೈ ಸೋಲುತ್ತದೆ, ಆದರೆ ಕಾರಣ ಇದೇ ಎಂದು ಖಚಿತವಾಗುತ್ತದೆ.

ಹೊಸಹೊಲಿಗೆ

ಜಾರ್ಜೆಟ್ ತುಂಡಾಯಿತು! ಅಂಚು ನೇರವಾಗಿದೆ. ಕೈ ಮಾತ್ರ ತಿರುಚಿದಂತಾಗಿದೆ. ಎಂಟು ತಿಂಗಳು ನನ್ನ ಕೈಗೆ ಚಳಕವೇ ಇಲ್ಲ ಎಂದು ನಂಬಿಕೊಂಡಿದ್ದೆನಲ್ಲ.

ಸಾಣೆಕಲ್ಲು

ತಿರುಪು, ಬಾಗು, ಅಂಚು ಎಲ್ಲ ಕೇಳಿದೆ, ಕೈ ಯಾವುದೆಂದು ಕೇಳಲು ಹೊಳೆಯಲಿಲ್ಲ. ಇಪ್ಪತ್ತು ವರ್ಷ ಕಲ್ಲಿನ ಮುಂದೆ ಕುಳಿತದ್ದರ ಫಲ, ಕತ್ತರಿ ಮಾತ್ರ ಕಾಣುತ್ತದೆ, ಹಿಡಿದವರು ಕಾಣುವುದಿಲ್ಲ. ಕಾಜಗುಂಡಿ ಅವರಿಗೆ ವಂದನೆ.

ಕೊಳ್ಳುವಾಗ ಒಂದು ಎಚ್ಚರ. ‘ಎರಡೂ ಕೈಗೆ ಹೊಂದುತ್ತದೆ’ ಎಂದು ಬರೆದಿರುವ ಕತ್ತರಿಗಳಲ್ಲಿ ಹಿಡಿ ಮಾತ್ರ ಸಮನಾಗಿರುತ್ತದೆ, ಅಲಗುಗಳ ಜೋಡಣೆ ಸಾಮಾನ್ಯವಾಗಿ ಬಲಗೈಯದೇ. ಕಾಜಗುಂಡಿ ಅವರು ಹೇಳಿದಂತೆ ಮೇಲಿನ ಅಲಗು ಎಡಗಡೆ ಇದೆಯೇ ಎಂದು ಕಣ್ಣಾರೆ ನೋಡಿ. ಉದ್ದ 8 ಇಂಚು ಸಾಕು. 10 ಇಂಚಿನವು ದಪ್ಪ ಬಟ್ಟೆಯ ಉದ್ದ ಗೆರೆಗಳಿಗೆ ಒಳ್ಳೆಯವು, ನಿಮ್ಮ ಮಣಿಕಟ್ಟಿಗೆ ಭಾರ. ಇಂಗಾಲ ಹೆಚ್ಚಿರುವ ಉಕ್ಕು ಒಳ್ಳೆಯ ಅಂಚು ಹಿಡಿಯುತ್ತದೆ, ಆದರೆ ತೇವ ತಾಗಿದರೆ ತುಕ್ಕು. ಒರೆಸಿಡುವ ಅಭ್ಯಾಸವಿಲ್ಲದಿದ್ದರೆ ಸ್ಟೇನ್‌ಲೆಸ್ ಉಕ್ಕಿನದನ್ನೇ ಕೊಳ್ಳಿ. ತಿರುಪಿನ ಬಳಿ ಆಗಾಗ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ನಾಲ್ಕು ಬಾರಿ ತೆರೆದು ಮುಚ್ಚಿ, ಹೆಚ್ಚಿದ್ದನ್ನು ಒರೆಸಿ.

ನೀವು ಕೇಳಿದ್ದ ಹಲ್ಲಿನ ಅಲಗು ಜಾರುವ ಬಟ್ಟೆಗೆ ನಿಜಕ್ಕೂ ಅನುಕೂಲ, ಬಟ್ಟೆಯನ್ನು ಕಚ್ಚಿ ಹಿಡಿಯುತ್ತದೆ. ಆದರೆ ಸಾಣೆ ಹಿಡಿದರೆ ಆ ಹಲ್ಲುಗಳು ಸವೆದು ಹೋಗುತ್ತವೆ. ಮೊದಲು ಸಾದಾ ಎಡಗೈ ಕತ್ತರಿ ಕೊಂಡು ನೋಡಿ, ಹಲ್ಲಿನದು ಬೇಕೆಂದೇ ಅನಿಸಲಿಕ್ಕಿಲ್ಲ. ಅಂಕುಡೊಂಕು ಅಂಚಿನ ಕತ್ತರಿ, ಬಾತುಕೋಳಿ ಕೊಕ್ಕಿನ ಕತ್ತರಿ ಎಂದೆಲ್ಲ ಮನಸ್ಸು ಓಡಿಸಬೇಡಿ. ದಾರ ಕತ್ತರಿಸಲು 4 ಇಂಚಿನ ಚೂಪುಮೊನೆಯದು ಒಂದು, ಹೊಲಿಗೆ ಬಿಚ್ಚುವ ಕೊಕ್ಕೆ ಒಂದು, ಸದ್ಯಕ್ಕೆ ಇಷ್ಟೇ.

ತುಂಡುಬಟ್ಟೆ

ನನ್ನ ಪಕ್ಷವನ್ನೂ ಮರೆಯಬೇಡಿ. ಹಲವು ಉರುಳು ಕಟ್ಟರ್‌ಗಳಲ್ಲಿ ಗಾಲಿಯನ್ನು ಬಿಚ್ಚಿ ಇನ್ನೊಂದು ಬದಿಗೆ ಜೋಡಿಸಬಹುದು, ಎಡಗೈಯವರಿಗೆ ಬೇರೆ ಕೊಳ್ಳಬೇಕಿಲ್ಲ.

ಹೊಸಹೊಲಿಗೆ

ಮೂರು ವಾರಗಳ ನಂತರದ ವರದಿ. 8 ಇಂಚಿನ ಎಡಗೈ ಕತ್ತರಿ ಬಂತು. ಮೊದಲ ದಿನ ಅದೂ ಎಡವಿತು, ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು, ಇಷ್ಟು ದಿನದ ಹಠದಲ್ಲಿ ನನ್ನ ಹೆಬ್ಬೆರಳು ತಿರುವುಮುರುವು ಒತ್ತುವುದನ್ನು ಅಲ್ಪಸ್ವಲ್ಪ ಕಲಿತುಬಿಟ್ಟಿದೆ. ಕೈಯನ್ನು ಸಡಿಲ ಬಿಟ್ಟು, ಚಿಂದಿ ಬಟ್ಟೆಯ ಮೇಲೆ ಎರಡು ಸಂಜೆ ಅಭ್ಯಾಸ ಮಾಡಿದ ಮೇಲೆ ಸರಿಹೋಯಿತು. ಗೆರೆ ಈಗ ಕಣ್ಣ ಮುಂದೆಯೇ ಇರುತ್ತದೆ. ಜಾರ್ಜೆಟ್ ಮೇಲಂಗಿಯ ಎಲ್ಲ ತುಂಡುಗಳೂ ಸಿದ್ಧವಾಗಿವೆ.

ಹಳೆಯ ಕತ್ತರಿಯ ಹಿಡಿಗೆ ಕೆಂಪು ದಾರ ಸುತ್ತಿ ಕಾಗದಕ್ಕೆ ಮೀಸಲಿಟ್ಟಿದ್ದೇನೆ. ಬಲಗೈಯ 9 ಇಂಚಿನದು ತಂಗಿಗೆ. ನಿನ್ನೆ ಅವಳು ತಪ್ಪಿ ನನ್ನದನ್ನು ತೆಗೆದುಕೊಂಡು ಹೋಗಿ, ಹತ್ತು ನಿಮಿಷದಲ್ಲಿ ಮುಖ ಸಿಂಡರಿಸಿಕೊಂಡು ವಾಪಸು ಬಂದಳು. ‘ಅಕ್ಕಾ, ನಿನ್ನ ಹೊಸ ಕತ್ತರಿ ಬಟ್ಟೆ ಮಡಚುತ್ತಿದೆ, ತಿರುಪು ಸಡಿಲ ಇರಬೇಕು ನೋಡು’ ಎಂದಳು.